ನಾರ್ಮಲ್ ಹಾಕ್ಲಾ, ಪವರ್ ಹಾಕ್ಲಾ? ಕಾರಿಗೆ ಯಾವ ಪೆಟ್ರೋಲ್ ಅನ್ನೋದರ ಬಗ್ಗೆ ಒಂದಿಷ್ಟು

ಬಂಕಲ್ಲಿ ಕಾರು ನಿಲ್ಸಿ ಗ್ಲಾಸ್ ಇಳಿಸಿದ್ರೆ ಸಾಕು, ಮೊದಲು ಬರೋ ಪ್ರಶ್ನೆ ಅದೇ, "ಮೇಡಮ್, ನಾರ್ಮಲ್ ಹಾಕ್ಲಾ ಪವರ್ ಹಾಕ್ಲಾ?" ಹಿಂದೆ ಆಟೋದವರು ಹಾರ್ನ್ ಹೊಡೀತಿರ್ತಾರೆ, ಮೀಟರ್ ಝೀರೋ ಆಯ್ತಾ ನೋಡ್ಬೇಕು, ಮೊಬೈಲಲ್ಲಿ ಯುಪಿಐ ತೆಗೀಬೇಕು, ಇದರ ಮಧ್ಯೆ ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಕೊಡ್ಬೇಕಾ ಬೇಡ್ವಾ ಅಂತ ಎರಡು ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು. ಬಹಳಷ್ಟು ಜನ ಅಭ್ಯಾಸದಲ್ಲಿ ಏನೋ ಒಂದು ಹೇಳ್ಬಿಡ್ತಾರೆ. ನನಗೆ ಮಾತ್ರ ಈ ಪ್ರಶ್ನೆ ತಲೇಲಿ ಉಳ್ಕೊಳ್ತು, ಯಾಕಂದ್ರೆ ಇದಕ್ಕೆ ಸರಿಯಾದ ಉತ್ತರ ಇದೆ, ಆದ್ರೆ ಆ ಉತ್ತರ ಬಂಕಲ್ಲಿ ಯಾರ ಹತ್ರಾನೂ ಸಿಗಲ್ಲ.

ನಮ್ಮ ಚಿಕ್ಕಪ್ಪ ಸಾಗರದ ಹತ್ರ ಇದ್ದಾರೆ. ರಿಟೈರ್ ಆದ ಮೇಲೆ ಬಂದ ದುಡ್ಡಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು ತಗೊಂಡ್ರು, ಅದು ಅವರ ಮೊದಲ ಕಾರು. ಅದಕ್ಕೆ ಯಾವತ್ತೂ ಪ್ರೀಮಿಯಂ, ಅಂದ್ರೆ ಆ ಪವರ್ ಥರದ ದುಬಾರಿ ಪೆಟ್ರೋಲೇ. ಕೇಳಿದ್ರೆ, "ಅಲ್ಲ ಕಣೇ, ಇಷ್ಟು ದುಡ್ಡು ಕೊಟ್ಟು ಕಾರು ತಗೊಂಡಿದೀನಿ, ಹೊಟ್ಟೆಗೆ ಒಳ್ಳೇದು ಹಾಕದೆ ಇರೋಕಾಗುತ್ತಾ" ಅಂತಾರೆ. ಈ ಮಾತಲ್ಲಿ ಇರೋ ಪ್ರೀತಿ ನಿಜವಾದದ್ದು, ನಾನದನ್ನ ಹಗುರವಾಗಿ ತಗೊಳ್ಳಲ್ಲ. ವರ್ಷಗಟ್ಟಲೆ ಬಸ್ಸಲ್ಲಿ ನಿಂತ್ಕೊಂಡು ಓಡಾಡಿದ ಮನುಷ್ಯ ಒಂದು ಕಾರು ತಗೊಂಡಾಗ ಅದಕ್ಕೆ ಇರೋದ್ರಲ್ಲಿ ಒಳ್ಳೇದೇ ಸಿಗಲಿ ಅನ್ನೋದು ತಪ್ಪಲ್ಲ. ಆದ್ರೆ ಎಂಜಿನ್ನಿಗೆ ಒಳ್ಳೇದು ಯಾವುದು ಅನ್ನೋದು ರೇಟ್ ನೋಡಿ ಗೊತ್ತಾಗಲ್ಲ, ಅದನ್ನ ಎಂಜಿನ್ ಮಾಡಿದವರು ಆಗಲೇ ಬರೆದಿಟ್ಟಿರ್ತಾರೆ. ನಾನು ಹೇಳ್ಬೇಕು ಅಂದ್ಕೊಂಡಿರೋದು ಮುಖ್ಯವಾಗಿ ಇಷ್ಟೇ, ಉಳಿದಿದ್ದೆಲ್ಲ ಅದು ಯಾಕೆ ಅನ್ನೋದರ ವಿವರಣೆ.

ಆಕ್ಟೇನ್ ಅನ್ನೋ ನಂಬರಿಂದ ಶುರು ಮಾಡ್ತೀನಿ, ಯಾಕಂದ್ರೆ 95, 97, 99, 100 ಅಂತ ಬೋರ್ಡಲ್ಲಿ ದೊಡ್ಡದಾಗಿ ಬರೆದಿರೋದು ಅದನ್ನೇ. ಪೆಟ್ರೋಲ್ ಎಂಜಿನ್ನಲ್ಲಿ ಗಾಳಿ ಮತ್ತೆ ಪೆಟ್ರೋಲ್ ಎರಡೂ ಬೆರೆತು ಸಿಲಿಂಡರಿಗೆ ಹೋಗುತ್ತೆ, ಪಿಸ್ಟನ್ ಮೇಲೆ ಬಂದು ಅದನ್ನ ಒತ್ತುತ್ತೆ, ಒತ್ತಿದಾಗ ಅದು ಬಿಸಿಯಾಗುತ್ತೆ, ಸರಿಯಾದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ, ಬೆಂಕಿ ಆ ಕಿಡಿಯಿಂದ ಶುರುವಾಗಿ ಅಂಚಿನ ತನಕ ಒಂದೇ ಹದದಲ್ಲಿ ಹರಡ್ಬೇಕು. ಕೆಲವು ಸಲ ಹಾಗಾಗಲ್ಲ. ಬೆಂಕಿ ತಲುಪೋದಕ್ಕೆ ಮುಂಚೇನೇ ಮೂಲೇಲಿ ಉಳಿದಿರೋ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಡ್ಕೊಳ್ಳಕ್ಕಾಗದೆ ತಾನೇ ತಾನಾಗಿ ಹೊತ್ಕೊಳ್ಳುತ್ತೆ. ಹಿಂದಕ್ಕೆ ಬರ್ತಿರೋ ಜೋಕಾಲಿಯನ್ನ ಅದು ತುದಿ ಮುಟ್ಟೋ ಮೊದಲೇ ಎದುರಿಂದ ಜೋರಾಗಿ ತಳ್ಳಿದ್ರೆ ಹೇಗಿರುತ್ತೋ ಹಾಗೆ, ಶಕ್ತಿಯೇನೋ ಖರ್ಚಾಗುತ್ತೆ, ಆದ್ರೆ ಕೂತವರಿಗೆ ಬೀಳೋದು ಪೆಟ್ಟು. ಟಿಣ್ ಟಿಣ್ ಅಂತ ಲೋಹದ ಸದ್ದು ಬರುತ್ತಲ್ಲ, ಗ್ಯಾರೇಜಲ್ಲಿ ನಾಕಿಂಗ್ ಅಂತಾರೆ, ಅದೇ ಇದು. ಜೋರಾಗಿ, ತುಂಬಾ ದಿನ ಹೀಗೇ ಆಗ್ತಿದ್ರೆ ಪಿಸ್ಟನ್ ತಲೆ ತೂತಾಗೋದು, ಹೆಡ್ ಗ್ಯಾಸ್ಕೆಟ್ ಹೋಗೋದು, ಎಲ್ಲಾ ಆಗುತ್ತೆ.

ಆಕ್ಟೇನ್ ನಂಬರ್ ಹೇಳೋದು ಇದನ್ನ ಮಾತ್ರ, ಈ ಪೆಟ್ರೋಲ್ ತಾನೇ ಹೊತ್ಕೊಳ್ಳದೆ ಎಷ್ಟು ಒತ್ತಡ ತಡ್ಕೊಳ್ಳುತ್ತೆ ಅನ್ನೋದನ್ನ. ನಂಬರ್ ಜಾಸ್ತಿ ಇದ್ರೆ ತಡ್ಕೊಳ್ಳೋ ಗುಣ ಜಾಸ್ತಿ. ಅದರಲ್ಲಿ ಶಕ್ತಿ ಜಾಸ್ತಿ ಇದೆ ಅಂತ ಅರ್ಥ ಅಲ್ಲವೇ ಅಲ್ಲ. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಸಾಲದು, ಯಾಕಂದ್ರೆ "ಪವರ್" "ಸ್ಪೀಡ್" ಅಂತ ಹೆಸರಿಟ್ಟ ಮೇಲೆ ಯಾರಿಗಾದ್ರೂ ಅನ್ಸೋದು ಇದರಲ್ಲಿ ಏನೋ ಜಾಸ್ತಿ ತುಂಬಿದಾರೆ ಅಂತಲೇ. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತೆ, ಆಕ್ಟೇನ್ ಏರಿಸಿದ ಮಾತ್ರಕ್ಕೆ ಅದು ಏರಲ್ಲ. ಪೆಟ್ರೋಲಿಗೆ ಬೆರೆಸೋ ಎಥನಾಲ್ ಅನ್ನೋ ಆಲ್ಕೋಹಾಲ್ ಶುದ್ಧವಾಗಿದ್ರೆ ಅದರ ಆಕ್ಟೇನ್ 108ರ ಮೇಲಿದೆ, ಆದ್ರೆ ಲೀಟರಿಗೆ ಶಕ್ತಿ ಬರೀ 21 ಮೆಗಾಜೂಲ್ ಆಸುಪಾಸು, ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಆಕ್ಟೇನ್ ಬೇರೆ, ಶಕ್ತಿ ಬೇರೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಹಾಗಾದ್ರೆ ಜಾಸ್ತಿ ಆಕ್ಟೇನ್ ಯಾರಿಗೆ ಬೇಕು ಅಂದ್ರೆ, ಜಾಸ್ತಿ ಒತ್ತೋ ಎಂಜಿನ್ನಿಗೆ ಬೇಕು. ಹಳೇ ಎಂಜಿನ್ಗಳ ಕಂಪ್ರೆಷನ್, ಅಂದ್ರೆ ಮಿಶ್ರಣವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು, 8, 9ರ ಹತ್ರ ಇರ್ತಿತ್ತು, ಈಗಿನವು 11, 12ರ ತನಕ, ಕೆಲವು ಅದಕ್ಕೂ ಮೇಲೆ ಹೋಗುತ್ತವೆ, ಟರ್ಬೋ ಇದ್ರೆ ಗಾಳೀನ ಮೊದಲೇ ಒತ್ತಿ ಒಳಗೆ ಕಳಿಸುತ್ತೆ, ಅಲ್ಲಿ ಒತ್ತಡ ಇನ್ನೂ ಜಾಸ್ತಿ. ಅಂಥಾ ಎಂಜಿನ್ ಮಾಡಿದವರು ಇಷ್ಟು ಆಕ್ಟೇನ್ ಇರೋ ಪೆಟ್ರೋಲ್ ಸಿಗುತ್ತೆ ಅಂತ ಲೆಕ್ಕ ಹಾಕೇ ಮಾಡಿರ್ತಾರೆ. ಆ ಲೆಕ್ಕಕ್ಕಿಂತ ಜಾಸ್ತಿ ಕೊಟ್ರೆ ಎಂಜಿನ್ ಅದನ್ನ ಬಳಸ್ಕೊಳ್ಳೋಕೆ ದಾರಿಯೇ ಇರಲ್ಲ.

ಈ ಆಕ್ಟೇನ್ ಕಥೆಗೆ ಒಂದು ಕರಾಳ ಹಿನ್ನೆಲೆ ಇದೆ, ಬಂಕಲ್ಲಿ ನಿಂತಾಗ ನನಗೆ ಅದು ನೆನಪಾಗದೇ ಇರಲ್ಲ. ನೂರು ವರ್ಷದ ಹಿಂದೆ ಕಾರು ಮಾಡೋವರಿಗೆ ದೊಡ್ಡ ತಲೆನೋವೇ ಈ ನಾಕಿಂಗ್. 1921ರ ಡಿಸೆಂಬರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಥಾಮಸ್ ಮಿಡ್‌ಗ್ಲಿ ಅನ್ನೋವ್ರು ಟೆಟ್ರಾಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಒಂಚೂರು ಹಾಕಿದ್ರೆ ನಾಕಿಂಗ್ ನಿಲ್ಲುತ್ತೆ ಅಂತ ಕಂಡುಹಿಡಿದ್ರು. ಎಥನಾಲ್ ಹಾಕಿದ್ರೂ ಕೆಲಸ ಆಗುತ್ತೆ ಅಂತ ಅವರಿಗೆ ಆಗಲೇ ಗೊತ್ತಿತ್ತು, ಆದ್ರೆ ಗೆದ್ದಿದ್ದು ಸೀಸ. 1924ರ ಅಕ್ಟೋಬರಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನ ತಯಾರಿಸ್ತಿದ್ದ ಐದು ಜನ ಕಾರ್ಮಿಕರು ಸೀಸದ ವಿಷಕ್ಕೆ ಭ್ರಮೆ ಬಂದು ನರಳಿ ಸತ್ರು. ಆದ್ರೂ ಅದು ನಿಲ್ಲಲಿಲ್ಲ. 1926ರಲ್ಲಿ ಗ್ರಹಾಂ ಎಡ್ಗರ್ ಅನ್ನೋ ರಸಾಯನಶಾಸ್ತ್ರಜ್ಞ ಸುಲಭಕ್ಕೆ ತಾನೇ ಹೊತ್ಕೊಳ್ಳದ ಐಸೋ ಆಕ್ಟೇನ್ ಅನ್ನೋ ದ್ರವಕ್ಕೆ 100, ಬೇಗ ಹೊತ್ಕೊಳ್ಳೋ ಹೆಪ್ಟೇನಿಗೆ 0 ಅಂತ ಇಟ್ಟು ಅಳತೆ ಮಾಡೋ ದಾರಿ ತೋರ್ಸಿದ್ರು, ಇವತ್ತು ಬೋರ್ಡಲ್ಲಿ ಕಾಣೋ 95 ಅದೇ ಅಳತೆ. ಸೀಸ ಮಾತ್ರ ದಶಕಗಟ್ಟಲೆ ಕಾರಿನ ಹೊಗೆಯಲ್ಲಿ ಊರೂರಿನ ಮಕ್ಕಳ ರಕ್ತಕ್ಕೆ ಸೇರ್ತಾನೇ ಇತ್ತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತಿದ್ದು 2000ದ ಫೆಬ್ರವರಿಯಲ್ಲಿ, ಪ್ರಪಂಚದಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ. ಆಕ್ಟೇನ್ ಅನ್ನೋ ಒಂದು ನಂಬರ್ ಏರಿಸೋಕೆ ಪ್ರಪಂಚ ಕೊಟ್ಟ ಬೆಲೆ ಇದು, ಹಾಗಾಗಿ ಆ ನಂಬರಿಗೆ ಅರ್ಥ ತಿಳ್ಕೊಳ್ಳದೆ ದುಡ್ಡು ಕೊಡೋದು ನನಗೆ ಸರಿ ಅನ್ಸಲ್ಲ.

ಈಗ ಆ ಚಕ್ರ ಸುತ್ತಿ ಎಥನಾಲಿಗೇ ಬಂದು ನಿಂತಿದೆ. 2023ರ ಫೆಬ್ರವರಿ 6ಕ್ಕೆ ಪ್ರಧಾನಿ ಮೋದಿ ಇ20, ಅಂದ್ರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಲ್ಲೇ, ಇಂಡಿಯಾ ಎನರ್ಜಿ ವೀಕಲ್ಲಿ. ಮೊದಲಿಗೆ 84 ಬಂಕಲ್ಲಿ ಮಾತ್ರ ಇತ್ತು, ಎರಡೇ ವರ್ಷಕ್ಕೆ ದೇಶಪೂರ್ತಿ ಅದೇ ಆಯ್ತು, 2030ಕ್ಕೆ ಅಂತ ಇಟ್ಕೊಂಡಿದ್ದ ಗುರಿ 2025ಕ್ಕೇ ಮುಟ್ಟಿತು. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿಂದ ಆಗೋ ಎಥನಾಲೂ ಇದರಲ್ಲಿ ಸೇರುತ್ತೆ. ಮೈಲೇಜ್ ಕಮ್ಮಿಯಾಯ್ತು ಅಂತ ಎಲ್ಲರೂ ಬೈಯ್ಕೊಂಡಿದ್ದು ಗೊತ್ತೇ ಇದೆ, ಅದು ಸುಳ್ಳಲ್ಲ, ಮೇಲೆ ಹೇಳಿದ ಮೆಗಾಜೂಲ್ ಲೆಕ್ಕದಲ್ಲೇ ಐದರಲ್ಲಿ ಒಂದು ಪಾಲು ಎಥನಾಲ್ ಬಂದ್ರೆ ಶಕ್ತಿ ಹೆಚ್ಚು ಕಮ್ಮಿ ಶೇಕಡ 7 ಇಳಿಯುತ್ತೆ. ನೀತಿ ಆಯೋಗದ 2021ರ ವರದಿಯಲ್ಲೂ ಎಥನಾಲಿಗೆ ಅಂತ ಮಾಡದ ಹಳೇ ಕಾರುಗಳಿಗೆ ಶೇಕಡ 6ರಿಂದ 7, ಅದಕ್ಕೆ ಹೊಂದಿಸಿದ ಹೊಸ ಕಾರುಗಳಿಗೆ ಶೇಕಡ 1ರಿಂದ 2 ಇಳಿಯಬಹುದು ಅಂತ ಇತ್ತು.

ಆದ್ರೆ ಈ ಗಲಾಟೇಲಿ ಯಾರೂ ಜಾಸ್ತಿ ಗಮನಿಸದ ಒಂದು ವಿಷಯ ಇದೆ, ನನಗೆ ಇಡೀ ಚರ್ಚೆಯಲ್ಲಿ ಮುಖ್ಯ ಅನ್ಸೋದು ಇದೇ. ಎಥನಾಲ್ ಬೆರೆತಿದ್ರಿಂದ ನಾರ್ಮಲ್ ಪೆಟ್ರೋಲಿನ ಆಕ್ಟೇನೇ ಮೇಲೆ ಹೋಗಿದೆ. ಬಿಎಸ್2 ಅನ್ನೋ ಹಳೇ ಹೊಗೆ ನಿಯಮದ ಕಾಲದಲ್ಲಿ ಸಾಮಾನ್ಯ ಪೆಟ್ರೋಲ್ 88 ಇತ್ತು, ಆಮೇಲೆ 91 ಆಯ್ತು, ಇ20 ಬಂದ ಮೇಲೆ 95 ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಲ್ಲಿ ಹೇಳಿದೆ. ಅಂದ್ರೆ ಕೆಲವು ವರ್ಷದ ಹಿಂದೆ "95 ಬೇಕು ಅಂದ್ರೆ ಜಾಸ್ತಿ ಕೊಡಿ" ಅಂತಿದ್ದ ಆ 95, ಈಗ ಹೆಚ್ಚು ಕಮ್ಮಿ ಪಕ್ಕದ ನಾರ್ಮಲ್ ನಾಝಲ್ಲಲ್ಲೇ ಬರ್ತಿದೆ. ಬರೀ ಆಕ್ಟೇನಿಗೋಸ್ಕರ 95ರ ಪ್ರೀಮಿಯಂ ಹಾಕಿಸ್ತಿದ್ದವರು ಈಗ ಅದನ್ನ ಯಾಕೆ ಹಾಕಿಸ್ಬೇಕು? ನಾನು ಇದನ್ನ ಹೇಳಿದಾಗ ಆಫೀಸಲ್ಲಿ ಸಹೋದ್ಯೋಗಿಗಳು ನಂಬಲಿಲ್ಲ, "ಹಾಗಾದ್ರೆ ಇನ್ನೂ ಯಾಕೆ ಮಾರ್ತಾರೆ" ಅಂದ್ರು. ಜನ ತಗೊಳ್ತಾರೆ, ಮಾರ್ತಾರೆ. ಜೊತೆಗೆ ಅದರಲ್ಲಿ ಕ್ಲೀನಿಂಗ್ ಅಡಿಟಿವ್ ಅನ್ನೋದು ಒಂದಿದೆ, ಅದಕ್ಕೆ ಆಮೇಲೆ ಬರ್ತೀನಿ.

ಕಾರಿನ ಮ್ಯಾನುಯಲ್ ಅನ್ನೋ ದಪ್ಪ ಪುಸ್ತಕ ಡ್ಯಾಶ್‌ಬೋರ್ಡ್ ಡ್ರಾಯರಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಕೂತಿರುತ್ತೆ, ಒಂದ್ಸಲ ತೆಗೆದು ಫ್ಯುಯೆಲ್ ಅಂತ ಇರೋ ಪುಟ ನೋಡಿ. ಅದೂ ಬೇಡ ಅಂದ್ರೆ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಗಡೆ ಸ್ಟಿಕ್ಕರ್ ಇರುತ್ತೆ. ನಮ್ಮ ರಸ್ತೇಲಿ ಓಡೋ ಸಾಮಾನ್ಯ ಹ್ಯಾಚ್‌ಬ್ಯಾಕ್, ಸೆಡಾನ್, ಸಣ್ಣ ಎಸ್‌ಯುವಿಗಳಲ್ಲಿ ಬಹುಪಾಲಿಗೆ 91 ಅಥವಾ ಅದಕ್ಕಿಂತ ಮೇಲೆ ಅಂತ ಇರುತ್ತೆ. ಜರ್ಮನ್ ಲಕ್ಷುರಿ ಕಾರುಗಳಲ್ಲಿ, ಕೆಲವು ಜೋರು ಟರ್ಬೋಗಳಲ್ಲಿ 95 ಅಂತ ಇರುತ್ತೆ, ಸೂಪರ್‌ಕಾರುಗಳಲ್ಲಿ 98 ಕೂಡ. ಅಲ್ಲಿ "ಬೇಕೇ ಬೇಕು" ಅಂತ ಇದೆಯಾ, "ಹಾಕಿದ್ರೆ ಒಳ್ಳೇದು" ಅಂತ ಇದೆಯಾ ಅನ್ನೋದನ್ನೂ ಗಮನಿಸಿ, ಎರಡಕ್ಕೂ ವ್ಯತ್ಯಾಸ ಇದೆ. ಬೇಕೇ ಬೇಕು ಅಂದಿದ್ರೆ ಅಲ್ಲಿ ದುಡ್ಡು ಉಳಿಸೋ ಮಾತೇ ಬೇಡ, ಅದಕ್ಕಿಂತ ಕಮ್ಮಿ ಹಾಕ್ಬೇಡಿ. ಯಾವುದೋ ಹಳ್ಳಿ ಬಂಕಲ್ಲಿ ಬೇರೆ ಸಿಗದೆ ಕಮ್ಮಿ ಆಕ್ಟೇನಿಂದು ಹಾಕಿಸ್ಬೇಕಾಗಿ ಬಂದ್ರೆ ಆಕ್ಸಿಲರೇಟರ್ ಜೋರಾಗಿ ಒತ್ತದೆ ಮೆಲ್ಲಗೆ ಓಡ್ಸಿ, ಮುಂದಿನ ಸಲ ಸರಿಯಾದ್ದು ತುಂಬಿಸಿ, ಅಷ್ಟೇ. ಎರಡೂ ಬೆರೆತ್ರೆ ಏನೂ ಆಗಲ್ಲ.

ಹಾಕಿದ್ರೆ ಒಳ್ಳೇದು ಅಂತ ಇರೋ ಕಾರುಗಳಲ್ಲಿ ಒಳಗೆ ನಡೆಯೋದು ನನಗೆ ತುಂಬಾ ಇಷ್ಟ ಆದ ವಿಷಯ. ಎಂಜಿನ್ ಬ್ಲಾಕಿಗೆ ನಾಕ್ ಸೆನ್ಸರ್ ಅಂತ ಒಂದು ಸಣ್ಣ ಭಾಗ ಬಿಗಿದಿರ್ತಾರೆ, ಅದು ಸದಾ ಎಂಜಿನ್ನಿನ ನಡುಕ ಕೇಳಿಸ್ಕೊಳ್ತಾನೇ ಇರುತ್ತೆ. ನಾಕಿಂಗ್ ಶುರುವಾಗೋ ಲಕ್ಷಣ ಕಂಡ ತಕ್ಷಣ, ನಮ್ಮ ಕಿವಿಗೆ ಬೀಳೋಕೂ ಮುಂಚೆ, ಇಸಿಯು ಅನ್ನೋ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹಾರಿಸೋದನ್ನ ಸ್ವಲ್ಪ ತಡ ಮಾಡುತ್ತೆ. ಎಂಜಿನ್ ಉಳಿಯುತ್ತೆ, ಬದಲಿಗೆ ಪಿಕಪ್ ಒಂಚೂರು ಇಳಿಯುತ್ತೆ, ಮೈಲೇಜೂ ಇಳಿಯುತ್ತೆ. ಒಳ್ಳೆ ಆಕ್ಟೇನ್ ಸಿಕ್ಕಾಗ ಮತ್ತೆ ಬೇಗ ಕಿಡಿ ಹಾರಿಸುತ್ತೆ. ಅಂಥಾ ಕಾರಲ್ಲಿ ಪ್ರೀಮಿಯಮಿಗೆ ನಿಜವಾಗ್ಲೂ ಕೆಲಸ ಇದೆ. ಅಮೆರಿಕದ ಎಎಎ ಅನ್ನೋ ವಾಹನ ಮಾಲೀಕರ ಸಂಸ್ಥೆ 2017ರಲ್ಲಿ ಇಂಥಾ ಕಾರುಗಳನ್ನೇ ತಗೊಂಡು ಟೆಸ್ಟ್ ಮಾಡಿದಾಗ ಮೈಲೇಜ್ ಸರಾಸರಿ ಶೇಕಡ 2.7, ಹಾರ್ಸ್ ಪವರ್ ಶೇಕಡ 1.4 ಜಾಸ್ತಿ ಬಂತು. ಇದೆ, ಆದ್ರೆ ಕೊಟ್ಟ ದುಡ್ಡಿಗೆ ಸಾಟಿ ಆಗೋಷ್ಟು ಅಲ್ಲ. ಅದರ ಹಿಂದಿನ ವರ್ಷ ಅದೇ ಸಂಸ್ಥೆ ನಾರ್ಮಲ್ ಸಾಕು ಅನ್ನೋ ಕಾರುಗಳಿಗೆ ಪ್ರೀಮಿಯಂ ಹಾಕಿ ನೋಡಿತ್ತು, ಪವರಲ್ಲೂ ಇಲ್ಲ, ಮೈಲೇಜಲ್ಲೂ ಇಲ್ಲ, ಹೊಗೆಯಲ್ಲೂ ಇಲ್ಲ, ಹೇಳ್ಕೊಳ್ಳೋ ಅಂಥಾ ವ್ಯತ್ಯಾಸ ಎಲ್ಲೂ ಇರಲಿಲ್ಲ. ಒಂದೇ ವರ್ಷದಲ್ಲಿ ಅಮೆರಿಕನ್ನರು ಹೀಗೆ ಸುಮ್ಮನೆ ಕಳ್ಕೊಂಡ ದುಡ್ಡು 210 ಕೋಟಿ ಡಾಲರ್ ಅಂತ ಆಗ ಲೆಕ್ಕ ಕೊಟ್ಟಿದ್ರು.

ಅಮೆರಿಕದ ಮಾತು ಬಂದಾಗ ಒಂದು ಗೊಂದಲ ಬಿಡಿಸಿಬಿಡ್ತೀನಿ. ನ್ಯೂಜೆರ್ಸಿಯಲ್ಲಿರೋ ನಮ್ಮ ಭಾವ ಅಲ್ಲಿ ಬಂಕಲ್ಲಿ 87 ಅಂತ ಬರೆದಿರೋದು ನೋಡಿ, "ನಿಮ್ಮಲ್ಲೇ ಪೆಟ್ರೋಲ್ ಚೆನ್ನಾಗಿದೆ ಕಣಮ್ಮ, ನಿಮಗೆ 91, ನಮಗೆ ಬರೀ 87" ಅಂತಿದ್ರು. ಹಾಗಲ್ಲ, ಅಳತೆ ಬೇರೆ. ನಾವು ಬರೆಯೋದು ರಿಸರ್ಚ್ ಆಕ್ಟೇನ್, ಅವರು ಬರೆಯೋದು ರಿಸರ್ಚ್ ಮತ್ತೆ ಮೋಟರ್ ಅನ್ನೋ ಎರಡು ಅಳತೆಗಳ ಸರಾಸರಿ. ಅವರ 87 ಅಂದ್ರೆ ನಮ್ಮ 91, 92ರ ಹತ್ರ.

ಇನ್ನು ಘಾಟಿ ವಿಷಯ. ಪ್ರೀಮಿಯಂ ಹಾಕಿಸಿದ್ರೆ ಘಾಟಿ ಚೆನ್ನಾಗಿ ಹತ್ತುತ್ತೆ ಅನ್ನೋ ಮಾತು ನಮ್ಮ ಕಡೆ ತುಂಬಾ ಇದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಅಂತ ಹೊರಟ್ರೆ ಸಾಕು, ಕೆಳಗಿನ ಬಂಕಲ್ಲೇ ಯಾರಾದ್ರೂ ಒಬ್ರು ಇವತ್ತು ಪವರ್ ಹಾಕ್ಸಿ ಅಂತಾರೆ. ಇದರಲ್ಲಿ ಅರ್ಧ ನಿಜ ಇದೆ. ಏಪ್ರಿಲ್ ಬಿಸಿಲು, ಐದು ಜನ, ಡಿಕ್ಕಿ ತುಂಬ ಲಗೇಜು, ಏಸಿ ಫುಲ್ಲು, ಮೇಲಿಂದ ಟರ್ಬೋ ಕಾರು, ಇಷ್ಟೆಲ್ಲ ಸೇರಿದ್ರೆ ನಾಕಿಂಗ್ ಆಗೋದಕ್ಕೆ ಇದಕ್ಕಿಂತ ಒಳ್ಳೆ ಸಂದರ್ಭ ಇಲ್ಲ, ಅವತ್ತು ಜಾಸ್ತಿ ಆಕ್ಟೇನ್ ಇದ್ರೆ ಇಸಿಯು ಕಿಡಿಯನ್ನ ಅಷ್ಟಾಗಿ ತಡ ಮಾಡಲ್ಲ. ಆದ್ರೆ ಘಾಟೀಲಿ ನಾನು ನೋಡಿರೋ ಬಹಳಷ್ಟು ನಾಕಿಂಗಿಗೆ ಕಾರಣ ಪೆಟ್ರೋಲ್ ಅಲ್ಲ, ಗೇರು. ಮೈಲೇಜ್ ಬರ್ಲಿ ಅಂತ ನಾಲ್ಕನೇ ಗೇರಲ್ಲೇ 30ರ ಸ್ಪೀಡಲ್ಲಿ ಕಾಲು ಒತ್ಕೊಂಡು ಹತ್ತಿಸ್ತಿರ್ತಾರೆ, ಎಂಜಿನ್ ಕಮ್ಮಿ ಆರ್‌ಪಿಎಮ್ಮಲ್ಲಿ ಇಡೀ ಭಾರ ಹೊತ್ಕೊಂಡು ಒದ್ದಾಡುತ್ತೆ, ಸಿಲಿಂಡರ್ ಒಳಗಿರೋ ಮಿಶ್ರಣಕ್ಕೆ ತಾನೇ ಹೊತ್ಕೊಳ್ಳೋಕೆ ಬೇಕಾದಷ್ಟು ಟೈಮ್ ಸಿಗುತ್ತೆ. ಎರಡನೇ ಗೇರಿಗೆ ಇಳಿಸಿ, ಎಂಜಿನ್ ಸ್ವಲ್ಪ ಜೋರಾಗಿ ತಿರುಗಲಿ, ಸದ್ದು ಜಾಸ್ತಿ ಆದ್ರೂ ಪರವಾಗಿಲ್ಲ, ಟಿಣ್ ಟಿಣ್ ನಿಲ್ಲುತ್ತೆ. ಇನ್ನೊಂದು ವಿಷಯ, ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತೆ, ಸಿಲಿಂಡರಲ್ಲಿ ಒತ್ತಡ ಇಳಿಯುತ್ತೆ, ಟರ್ಬೋ ಇಲ್ಲದ ಎಂಜಿನ್ನಿಗೆ ಆಕ್ಟೇನ್ ಅಗತ್ಯ ಕಮ್ಮಿ ಆಗುತ್ತೆ, ಜಾಸ್ತಿ ಅಲ್ಲ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋ ಬೆಂಗಳೂರಿನ ಕಾರಿಗೆ ಮಂಗಳೂರಿನ ಕಾರಿಗಿಂತ ಈ ವಿಷಯದಲ್ಲಿ ಆರಾಮೇ.

ಅಡಿಟಿವ್ ವಿಷಯಕ್ಕೆ ಬರ್ತೀನಿ ಅಂದಿದ್ದೆ. ಪ್ರೀಮಿಯಂ ಪೆಟ್ರೋಲಲ್ಲಿ ಎಂಜಿನ್ ಒಳಗಿನ ಮಸಿ ತೊಳೆಯೋ ಡಿಟರ್ಜೆಂಟ್ ಜಾಸ್ತಿ ಇರುತ್ತೆ ಅಂತಾರೆ, ಅದು ಆಧಾರ ಇಲ್ಲದ ಮಾತಲ್ಲ. ಎಎಎ 2016ರಲ್ಲೇ ಮಾಡಿದ ಇನ್ನೊಂದು ಟೆಸ್ಟಲ್ಲಿ ಒಳ್ಳೆ ಡಿಟರ್ಜೆಂಟ್ ಇಲ್ಲದ ಪೆಟ್ರೋಲ್ ಬಳಸಿದ ಎಂಜಿನ್ನಲ್ಲಿ 4,000 ಮೈಲಿ ಆಗೋ ಹೊತ್ತಿಗೆ ಸರಾಸರಿ 19 ಪಟ್ಟು ಜಾಸ್ತಿ ಮಸಿ ಕೂತಿತ್ತು. ಆದ್ರೆ ಅಲ್ಲಿ ಒಳ್ಳೆ ಡಿಟರ್ಜೆಂಟ್ ನಾರ್ಮಲ್ ಪೆಟ್ರೋಲಲ್ಲೂ ಬರುತ್ತೆ, ಅದಕ್ಕೂ ಆಕ್ಟೇನಿಗೂ ಸಂಬಂಧ ಇಲ್ಲ. ಇನ್ನೊಂದು ತೊಡಕು ಅಂದ್ರೆ, ಈಗಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತೆ, ಗಾಳಿ ಒಳಗೆ ಬರೋ ಇನ್‌ಟೇಕ್ ವಾಲ್ವನ್ನ ಅದು ಮುಟ್ಟೋದೇ ಇಲ್ಲ, ಮುಟ್ಟದೇ ಇರೋದನ್ನ ಯಾವ ಡಿಟರ್ಜೆಂಟೂ ತೊಳೆಯಲ್ಲ. ಇಂಜೆಕ್ಟರ್ ಚೊಕ್ಕ ಇಡೋಕೆ ಸಹಾಯ ಆಗಬಹುದು. ನಮ್ಮ ಗ್ಯಾರೇಜಿನವರು ಹೇಳೋದು ನನಗೆ ಒಪ್ಪಿಗೆ ಆಗುತ್ತೆ, ತುಂಬಾ ಟ್ರಾಫಿಕಲ್ಲೇ ಓಡೋ ಹಳೇ ಕಾರಾದ್ರೆ ಯಾವಾಗ್ಲಾದ್ರೂ ಒಂದ್ ಟ್ಯಾಂಕ್ ಅಡಿಟಿವ್ ಇರೋದು ಹಾಕ್ಸಿ, ದಿನಾ ಬೇಡ.

ದುಡ್ಡಿನ ಲೆಕ್ಕ ಸರಳ. ನಾರ್ಮಲ್ ಲೀಟರಿಗೆ 103, ಪ್ರೀಮಿಯಂ 111 ಅಂತ ಇಟ್ಕೊಳ್ಳಿ, ಊರಿಂದ ಊರಿಗೆ ಸ್ವಲ್ಪ ಆಚೆ ಈಚೆ. 15 ಕಿಲೋಮೀಟರ್ ಮೈಲೇಜ್ ಕೊಡೋ ಕಾರು ತಿಂಗಳಿಗೆ 1,000 ಕಿಲೋಮೀಟರ್ ಓಡಿದ್ರೆ 67 ಲೀಟರ್ ಬೇಕು, ಪ್ರೀಮಿಯಮಿಗೆ ಜಾಸ್ತಿ ಕೊಟ್ಟಿದ್ದು ಹತ್ರ ಹತ್ರ 535 ರೂಪಾಯಿ, ವರ್ಷಕ್ಕೆ 6,400. ಅದು ವಾಪಸ್ ಬರ್ಬೇಕು ಅಂದ್ರೆ ಮೈಲೇಜ್ 15ರಿಂದ 16.2ಕ್ಕೆ ಏರ್ಬೇಕು. ನಾರ್ಮಲ್ ಸಾಕು ಅನ್ನೋ ಕಾರಲ್ಲಿ ಅದು ಏರಲ್ಲ. ಲೀಟರಿಗೆ 160 ಅಂತ ಇಟ್ಕೊಂಡು 100 ಆಕ್ಟೇನ್ ಹಾಕ್ಸಿದ್ರೆ ಮೈಲೇಜ್ 23 ದಾಟ್ಬೇಕು, ಅದಂತೂ ಆಗದ ಮಾತು. 2024ರ ಜೂನಲ್ಲಿ ರಾಜ್ಯ ಸರ್ಕಾರ ಸೇಲ್ಸ್ ಟ್ಯಾಕ್ಸ್ ಏರಿಸಿ ಪೆಟ್ರೋಲ್ 3 ರೂಪಾಯಿ ಜಾಸ್ತಿಯಾದಾಗ ಮನೆ ಮನೇಲಿ, ಬಸ್‌ಸ್ಟಾಂಡಲ್ಲಿ, ಟೀವೀಲಿ ಎಷ್ಟು ಮಾತಾಡಿದ್ವಿ, ಆ 3 ರೂಪಾಯಿಗೆ ಅಷ್ಟು ಸಂಕಟಪಟ್ಟ ಮನೆಗಳಲ್ಲೇ 8 ರೂಪಾಯಿ ಸುಮ್ಮನೆ ಹೋಗ್ತಿರೋದು ನೋಡಿದ್ರೆ ನನಗೆ ಬೇಜಾರಾಗುತ್ತೆ. ಪ್ರೀಮಿಯಂ ಹಾಕ್ಸಿದ ದಿನ ಪಿಕಪ್ ಚೆನ್ನಾಗಿತ್ತು ಅನ್ನೋವ್ರು ಸುಳ್ಳು ಹೇಳ್ತಿಲ್ಲ, ಕಾರಿಗೆ ಒಳ್ಳೇದು ಮಾಡಿದೀನಿ ಅನ್ನೋ ಖುಷೀಲಿ ಓಡ್ಸಿದಾಗ ಕಾಲು, ಕಿವಿ, ಮನಸ್ಸು ಎಲ್ಲಾ ಬೇರೆ ಥರ ಇರುತ್ತೆ. ಅದನ್ನ ಅಳೀಬೇಕು ಅಂದ್ರೆ ಟ್ಯಾಂಕ್ ಫುಲ್ ಮಾಡ್ಸಿ, ಓಡೋಮೀಟರ್ ಬರ್ಕೊಂಡು, ಅದೇ ದಾರೀಲಿ ಓಡಾಡಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡ್ಸಿ ನೋಡ್ಬೇಕು, ಅದೂ ಎರಡೂ ಪೆಟ್ರೋಲಿಗೆ ಒಂದೆರಡು ತಿಂಗಳು.

ಒಂದು ಗುಂಪು ಮಾತ್ರ ಬೇರೆ, ಅವರ ಬಗ್ಗೆ ನನಗೆ ನಿಜವಾಗ್ಲೂ ಕಾಳಜಿ. ಹಳೇ ಕಾರು ಇಟ್ಕೊಂಡವರು. 2023ರ ಏಪ್ರಿಲಿಂದ ಈಚೆಗೆ ಬಂದ ಕಾರುಗಳ ಪೈಪು, ಸೀಲುಗಳನ್ನ ಇ20 ತಡ್ಕೊಳ್ಳೋ ಹಾಗೆ ಮಾಡಿರ್ತಾರೆ. ಅದಕ್ಕಿಂತ ತುಂಬಾ ಹಿಂದಿನವು, ಅದರಲ್ಲೂ ಕಾರ್ಬುರೇಟರ್ ಕಾಲದವು, ಅವುಗಳ ರಬ್ಬರ್ ಹೋಸು, ಗ್ಯಾಸ್ಕೆಟ್, ಕಬ್ಬಿಣದ ಟ್ಯಾಂಕು ಎಥನಾಲಿಗೆ ಅಂತ ಮಾಡಿದ್ದಲ್ಲ. ಎಥನಾಲ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ, ನೀರು ಜಾಸ್ತಿಯಾದ್ರೆ ಎಥನಾಲೂ ನೀರೂ ಸೇರ್ಕೊಂಡು ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತೆ. ಮಲೆನಾಡಲ್ಲಿ, ಕರಾವಳೀಲಿ ಮಕ್ಕಳು ಬೆಂಗಳೂರಲ್ಲೋ ವಿದೇಶದಲ್ಲೋ ಇದ್ದು ಅಪ್ಪನ ಕಾರು ಶೆಡ್ಡಲ್ಲಿ ಅರ್ಧ ಟ್ಯಾಂಕಲ್ಲಿ ಮಳೆಗಾಲ ಪೂರ್ತಿ ನಿಂತಿರುತ್ತಲ್ಲ, ಅಂಥಾ ಕಾರುಗಳಿಗೆ ಇದು ನಿಜವಾದ ತೊಂದರೆ. ಇವರಲ್ಲಿ ಬಹಳ ಜನ "ಎಥನಾಲ್ ಬೇಡ ಅಂತ 95 ಹಾಕಿಸ್ತೀನಿ" ಅಂತಾರೆ, ಆದ್ರೆ 95ರ ಪ್ರೀಮಿಯಮಲ್ಲೂ ಎಥನಾಲ್ ಇರುತ್ತೆ. ಎಥನಾಲ್ ಇಲ್ಲ ಅಂತ ಹೇಳಿ ಮಾರೋದು ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಥರದ 100 ಆಕ್ಟೇನ್ ಪೆಟ್ರೋಲು, ಅದು ದೊಡ್ಡ ಊರುಗಳ ಕೆಲವೇ ಬಂಕಲ್ಲಿ ಸಿಗುತ್ತೆ. ತಿಂಗಳುಗಟ್ಟಲೆ ನಿಲ್ಲೋ ಹಳೇ ಕಾರಿಗೆ, ಪ್ರೀತಿಯಿಂದ ಕಾಪಾಡ್ಕೊಂಡು ಬಂದ ಹಳೇ ಪದ್ಮಿನಿಗೋ ಅಂಬಾಸಡರಿಗೋ ನಿಲ್ಲಿಸೋ ಮುಂಚೆ ಒಂದ್ ಟ್ಯಾಂಕ್ ಅದನ್ನ ತುಂಬಿಸಿದ್ರೆ ಆ ದುಡ್ಡಿಗೆ ಅರ್ಥ ಇದೆ. ಆ ಎಂಜಿನ್ನಿಗೆ 100 ಆಕ್ಟೇನ್ ಬೇಕಿಲ್ಲ, ಬೇಕಿರೋದು ಎಥನಾಲ್ ಇಲ್ಲದ್ದು. ಅದು ಸಿಗದ ಕಡೆ ರಬ್ಬರ್ ಭಾಗಗಳನ್ನ ಬದಲಾಯಿಸಿ, ವಾರಕ್ಕೊಂದ್ಸಲ ಯಾರಾದ್ರೂ ಸ್ವಲ್ಪ ದೂರ ಓಡ್ಸಿ ತರೋ ವ್ಯವಸ್ಥೆ ಮಾಡಿ.

ಡೀಸೆಲ್ ಕಾರಿನವರಿಗೆ ಇದು ಯಾವುದೂ ಅನ್ವಯಿಸಲ್ಲ, ಅಲ್ಲಿ ಕಿಡಿಯೇ ಇಲ್ಲ, ತಾನೇ ಹೊತ್ಕೊಳ್ಳೋದೇ ಬೇಕು, ಅಳತೇನೂ ಸೀಟೇನ್ ಅಂತ ಬೇರೆ.

ಪೆಟ್ರೋಲಿನ ಬ್ರ್ಯಾಂಡಿಗಿಂತ ಬಂಕು ಮುಖ್ಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹಾಸನದ ಮೇಲೆ ಬೆಂಗಳೂರಿನ ಹತ್ರ ಇರೋ ದೇವನಗೊಂದಿ ತನಕ 360 ಕಿಲೋಮೀಟರಿಗೂ ಜಾಸ್ತಿ ಉದ್ದದ ಪೈಪ್‌ಲೈನ್ ಇದೆ, ಘಟ್ಟ ಹತ್ತಿ ಬರುತ್ತೆ. ನಮ್ಮ ಟ್ಯಾಂಕಿಗೆ ಬೀಳೋದು ಯಾವ ಬಣ್ಣದ ಬೋರ್ಡಿನ ಬಂಕಿಂದ ಆದ್ರೂ ಒಳಗಿನ ಮೂಲ ಪೆಟ್ರೋಲ್ ಒಂದೇ ಸರ್ಕಾರಿ ಮಾನದಂಡಕ್ಕೆ ತಯಾರಾಗಿರೋದು, 2020ರ ಏಪ್ರಿಲಿಂದ ಗಂಧಕ 10 ಪಿಪಿಎಮ್, ಅಂದ್ರೆ ಹತ್ತು ಲಕ್ಷದಲ್ಲಿ 10 ಪಾಲು ದಾಟೋ ಹಾಗಿಲ್ಲ. ಕೆಡೋದಿದ್ರೆ ಆಮೇಲೆ, ಬಂಕಿನ ನೆಲದಡಿ ಟ್ಯಾಂಕಲ್ಲಿ ನೀರು ಸೇರೋದು, ಅಳತೇಲಿ ಕಮ್ಮಿಯಾಗೋದು. ಅದಕ್ಕೆ ನಮಗೆ ಹಕ್ಕಿದೆ. ಪ್ರತಿ ಬಂಕಲ್ಲೂ ತೂಕ ಅಳತೆ ಇಲಾಖೆ ಮುದ್ರೆ ಹಾಕಿದ 5 ಲೀಟರ್ ಮಾಪನ ಇರಲೇಬೇಕು, ಅನುಮಾನ ಬಂದ್ರೆ ಅದರಲ್ಲಿ ಅಳೆದು ತೋರ್ಸಿ ಅಂತ ಕೇಳಬಹುದು, 25 ಮಿಲಿಲೀಟರಿಗಿಂತ ಜಾಸ್ತಿ ವ್ಯತ್ಯಾಸ ಇರೋ ಹಾಗಿಲ್ಲ. ಫಿಲ್ಟರ್ ಪೇಪರ್ ಟೆಸ್ಟ್ ಕೇಳಬಹುದು, ನಾಝಲ್ಲಿಂದ ಒಂದು ಹನಿ ಹಾಕಿದ್ರೆ ಕಲೆ ಉಳೀದೆ ಆರ್ಬೇಕು. ಡೆನ್ಸಿಟಿ, ಅಂದ್ರೆ ಪೆಟ್ರೋಲಿನ ಸಾಂದ್ರತೆ ಎಷ್ಟು ಅಂತ ಕೇಳಬಹುದು. ಯಾರೂ ಕೇಳಲ್ಲ ಅನ್ನೋದೇ ದುಃಖ.

ಚಿಕ್ಕಪ್ಪನ ಹತ್ರ ಇದೆಲ್ಲ ಮಾತಾಡಿದಾಗ ಅವರು ಒಂದೇ ಸಲಕ್ಕೆ ಒಪ್ಪಲಿಲ್ಲ. ಮುಚ್ಚಳ ತೆಗೆದು ಸ್ಟಿಕ್ಕರ್ ನೋಡಿದ್ರು, ಮ್ಯಾನುಯಲ್ ತೆಗೆದು ಕನ್ನಡಕ ಹಾಕ್ಕೊಂಡು ಓದಿದ್ರು, 91 ಅಂತ ಇತ್ತು. "ಹಾಗಾದ್ರೆ ಅದಕ್ಕೆ ಒಳ್ಳೇದು ಅಂದ್ರೆ ಏನೇ ಮಾಡ್ಬೇಕು" ಅಂತ ಕೇಳಿದ್ರು. ಈ ಪ್ರಶ್ನೆ ನನಗೆ ತುಂಬಾ ಹಿಡಿಸ್ತು. ಟೈರಲ್ಲಿ ಗಾಳಿ ಕಂಪನಿ ಹೇಳಿದಷ್ಟು ಇದೆಯಾ ಅಂತ ಹದಿನೈದು ದಿನಕ್ಕೊಂದ್ಸಲ ನೋಡ್ಸಿ ಚಿಕ್ಕಪ್ಪ, ಏರ್ ಫಿಲ್ಟರ್ ನಿಮ್ಮೂರಿನ ಧೂಳಿಗೆ ಬೇಗ ಕಟ್ಕೊಳ್ಳುತ್ತೆ, ಅದನ್ನ ಬದಲಾಯ್ಸಿ, ಆಯಿಲ್ ಮ್ಯಾನುಯಲ್ಲಲ್ಲಿ ಇರೋ ಗ್ರೇಡೇ ಹಾಕ್ಸಿ, ಹೊತ್ತಿಗೆ ಸರಿಯಾಗಿ ಹಾಕ್ಸಿ ಅಂದೆ. ಪ್ರೀಮಿಯಮಿಗೆ ವರ್ಷಪೂರ್ತಿ ಜಾಸ್ತಿ ಕೊಡೋ ದುಡ್ಡಲ್ಲಿ ಇದೆಲ್ಲದರ ದೊಡ್ಡ ಪಾಲು ಮುಗಿಯುತ್ತೆ. ಈಗ ಅವರ ಕಾರಲ್ಲಿ ಟೈರ್ ಗಾಳಿ ನೋಡೋ ಗೇಜ್ ಒಂದು ಇರುತ್ತೆ, ಹೋದವರಿಗೆಲ್ಲ ತೋರಿಸ್ತಾರೆ.

ನನಗೆ ಬದಲಾಗ್ಬೇಕು ಅನ್ಸೋದು ಬಂಕಿನ ಬೋರ್ಡು. ಅಮೆರಿಕದಲ್ಲಿ ಪ್ರತಿ ಪಂಪಿನ ಮೇಲೆ ಹಳದಿ ಸ್ಟಿಕ್ಕರಲ್ಲಿ ಆಕ್ಟೇನ್ ನಂಬರ್ ಹಾಕೋದು ಕಾನೂನು. ಯುರೋಪಲ್ಲಿ 2018ರ ಅಕ್ಟೋಬರಿಂದ ಪಂಪಿನ ಮೇಲೂ, ಹೊಸ ಕಾರಿನ ಟ್ಯಾಂಕ್ ಮುಚ್ಚಳದ ಹತ್ರಾನೂ ಒಂದೇ ಥರದ ಗುಂಡನೆ ಗುರುತು ಇರುತ್ತೆ, ಇ5 ಅಂತಲೋ ಇ10 ಅಂತಲೋ, ಎರಡೂ ತಾಳೆ ನೋಡಿ ಹಾಕಿಸ್ಕೊಂಡ್ರೆ ಆಯ್ತು. ನಮ್ಮಲ್ಲಿ ಪ್ರೀಮಿಯಮಿನ ನಂಬರ್ ಆಳೆತ್ತರ ಇರುತ್ತೆ, ನಾರ್ಮಲ್ ಪೆಟ್ರೋಲಿನ ಆಕ್ಟೇನ್ ಎಷ್ಟು ಅಂತ ಹುಡುಕಿದ್ರೂ ಕಾಣಲ್ಲ, ಎರಡರಲ್ಲೂ ಎಥನಾಲ್ ಎಷ್ಟು ಅನ್ನೋದಂತೂ ಬಹಳ ಕಡೆ ಎಲ್ಲೂ ಇರಲ್ಲ. ಎರಡೂ ನಂಬರ್ ಪ್ರತಿ ನಾಝಲ್ಲಿನ ಮೇಲೆ ಕನ್ನಡದಲ್ಲಿ, ಕಾರಲ್ಲಿ ಕೂತವರಿಗೆ ಕಾಣೋ ಸೈಜಲ್ಲಿ ಬರ್ಬೇಕು. ಅಲ್ಲೀತನಕ ನಾನು ಹೋದ ಬಂಕಲ್ಲೆಲ್ಲ ಈ ಎರಡನ್ನೂ ಬಾಯಿ ಬಿಟ್ಟು ಕೇಳ್ತೀನಿ, ಪೆಟ್ರೋಲ್ ಹಾಕೋ ಹುಡುಗನಿಗೆ ಗೊತ್ತಿಲ್ಲ ಅಂದ್ರೆ ಮ್ಯಾನೇಜರ್ ಹತ್ರ ಹೋಗಿ ಕೇಳ್ತೀನಿ. ನೀವೂ ಕೇಳಿ.